ಕೈಗಳ ಕೆಳಗಿನ ಮೇಜು

ಯಾಮ್ನಾ ಸುಳ್ಳು ಹೇಳುವುದರಲ್ಲಿ ಅಂಥ ಜಾಣೆಯೇನಲ್ಲ. ಹೇಳಿದರೆ ಕಿವಿ ಕೆಂಪಾಗುತ್ತದೆ, ಕೈಯಲ್ಲಿದ್ದ ಪಾತ್ರೆ ಸದ್ದು ಮಾಡುತ್ತದೆ. ಆದರೂ ಅವಳ ಒಂದು ಸುಳ್ಳು ಮಾತ್ರ ಗಟ್ಟಿಮುಟ್ಟಾಗಿ ಬಾಳಿತ್ತು. ಗಂಡ ತೀರಿಕೊಂಡ ವರ್ಷ, ಮಗಳು ವಿದಾದ್ ಇನ್ನೂ ಹೈಸ್ಕೂಲಿನಲ್ಲಿದ್ದಾಗ, ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ಅಡುಗೆ ಮಾಡುವ ಕೆಲಸ ಸಿಕ್ಕಿತು ಎಂದು ಹೇಳಿದ್ದಳು. ಈಗ ವಿದಾದ್ ತಾನೇ ಪ್ರಾಥಮಿಕ ಶಾಲೆಯಲ್ಲಿ ಟೀಚರು, ಈ ಭಾನುವಾರ ಅವಳ ನಿಕಾ. ಸುಳ್ಳು ಮಾತ್ರ ಇನ್ನೂ ನಿವೃತ್ತಿಯಾಗದೆ ಆಸ್ಪತ್ರೆಯಲ್ಲೇ ದುಡಿಯುತ್ತಿತ್ತು. ಮಿಕ್ಕ ಅಡುಗೆಯನ್ನು ಮನೆಗೆ ತಂದ ದಿನ ಮಗಳು ಬೆರಳು ನೆಕ್ಕುತ್ತಾ, "ಅಮ್ಮಾ, ಇಷ್ಟು ರುಚಿಯಾಗಿ ಹಾಕಿದ್ರೆ ಆ ರೋಗಿಗಳು ವಾಸಿಯಾಗಿ ಮನೆಗೆ ಹೋಗೋದಾದ್ರೂ ಹೆಂಗೆ?" ಎನ್ನುವಳು. ಯಾಮ್ನಾಳ ಕಿವಿ ಕೆಂಪಾಗುತ್ತಿತ್ತು.

ಅವಳು ನಿಜವಾಗಿ ದುಡಿಯುತ್ತಿದ್ದುದು ಮೆಕ್ನೆಸ್ ಊರಿನ ಹೊಸ ಪೇಟೆಯಾದ ಹಮ್ರಿಯಾದಲ್ಲಿ, 'ಅಂಜೂರ' ಎಂಬ ಬಾರಿನಲ್ಲಿ. ಅದರ ಯಜಮಾನ ಇದ್ರಿಸ್ ಚಿತ್ರಗಾರ. ವ್ಯಾಪಾರ ಅವನಿಗೆ ಅಷ್ಟಕ್ಕಷ್ಟೆ. ಗೋಡೆಯಲ್ಲಿ ಒಂದು ಗೇಣು ಜಾಗ ಖಾಲಿ ಕಂಡರೆ ಅವನಿಗೆ ನಿದ್ದೆ ಬಾರದು. ತನ್ನದು, ಗೆಳೆಯರದು, ಶಿಷ್ಯರದು ಎಂದು ಚಿತ್ರಗಳನ್ನು ತಂದು ತಂದು ಗಿರಾಕಿಗಳು ಕೂರುವ ಹಾಲ್, ಮೆಟ್ಟಿಲು, ಪಾಯಿಖಾನೆಯ ಬಾಗಿಲು ಎಲ್ಲವನ್ನೂ ತುಂಬಿಸಿದ್ದ. ಕುಡಿಯಲು ಬಂದವರು ಚಿತ್ರ ನೋಡಲು ಬಂದೆವು ಎನ್ನುವುದಕ್ಕೂ ಅದರಿಂದ ಅನುಕೂಲವಾಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಕಾಣುತ್ತದೆ. ಆದರೆ ಮೆಕ್ನೆಸ್ಸಿನಲ್ಲಿ ಕಂಡದ್ದನ್ನು ಹೇಳುವುದು ಕುಡಿಯುವುದಕ್ಕಿಂತ ದೊಡ್ಡ ನಾಚಿಕೆಗೇಡು.

ಯಾಮ್ನಾ ಬರುತ್ತಿದ್ದುದು ಹಿಂದಿನ ಓಣಿಯಿಂದ, ಹೋಗುತ್ತಿದ್ದುದೂ ಅಲ್ಲಿಂದಲೇ. ಗಿರಾಕಿಗಳಿದ್ದಾಗ ಹಾಲಿಗೆ ಕಾಲಿಟ್ಟವಳೇ ಅಲ್ಲ. ಹಾಲಿಗೂ ಅಡುಗೆಮನೆಗೂ ನಡುವೆ ಒಂದು ಬಾಗಿಲು, ಅದರ ಪಕ್ಕ ತಟ್ಟೆ ದಾಟಿಸುವ ಒಂದು ಕಿಂಡಿ ಇತ್ತು; ಅವಳ ಪಾಲಿಗೆ ಆ ಕಿಂಡಿ ಅಷ್ಟೇ. ಜನರನ್ನು ಅವಳು ಮುಖದಿಂದ ಗುರುತಿಸುತ್ತಿರಲಿಲ್ಲ, ಹಿಂದಿರುಗಿದ ತಟ್ಟೆಯಿಂದ ಗುರುತಿಸುತ್ತಿದ್ದಳು. ಕಿಟಕಿ ಪಕ್ಕದ ಮೇಜು ಮೀನಿನ ತಲೆ ಬಿಡುವವರದು. ಗುರುವಾರದ ಮೂಲೆ ಮೇಜು ಹುರಿದ ಲಿವರ್ ತಿಂದು, ರೊಟ್ಟಿಯ ಗರಿಗರಿ ಮೇಲ್ಪದರ ಮಾತ್ರ ಬಿಡಿಸಿಕೊಂಡು ತಿರುಳನ್ನು ಹಾಗೇ ಬಿಡುವ ಯಾರದೋ.

ಒಮ್ಮೆ ಇದ್ರಿಸ್ ಅವಳ ಚಿತ್ರ ಬರೆಯುತ್ತೇನೆ ಎಂದು ಬಂದಾಗ, "ನನ್ನ ಮುಖ ಬಾರಿನ ಗೋಡೆ ಮೇಲಾ? ಅದಕ್ಕಿಂತ ಈ ಎಣ್ಣೆ ಬಾಣಲೆಗೆ ಬೀಳ್ತೀನಿ," ಎಂದು ಓಡಿಸಿದ್ದಳು. ಅವನು ಬಿಡಲಿಲ್ಲ. ಮುಖ ಬೇಡ, ಹಿಟ್ಟು ನಾದುವ ಕೈಗಳಷ್ಟೇ ಸಾಕು ಎಂದ. ಕೈ ತಾನೇ, ಕೈಯನ್ನು ಯಾರು ಗುರುತಿಸುತ್ತಾರೆ ಎಂದು ಒಪ್ಪಿದಳು. ಅಲ್ಲೇ ಎಡವಿದ್ದು. ಅಜ್ರೂ ಕಡೆಯ ಬೆಟ್ಟದಲ್ಲಿ ಹುಟ್ಟಿದವಳು ಅವಳು. ಚಿಕ್ಕಂದಿನಲ್ಲಿ ಅಜ್ಜಿ ಅವಳ ಎರಡೂ ಮಣಿಕಟ್ಟಿನ ಮೇಲೆ ಗೋಧಿ ತೆನೆಯ ಹಚ್ಚೆ ಹಾಕಿಸಿದ್ದಳು. ಬಲಗೈಯ ತೆನೆಗೆ ಒಂದು ಕಾಳು ಕಡಿಮೆ, ಏಕೆಂದರೆ ಆ ಹೊತ್ತಿಗೆ ಹುಡುಗಿ ಕಿರುಚಿ ಓಡಿದ್ದಳು. ಇದ್ರಿಸ್ ಆ ಕೊರತೆಯನ್ನೂ ಬಿಡದೆ ಇದ್ದದ್ದು ಇದ್ದಂತೆ ಬರೆದಿದ್ದ. ಬಾಗಿಲಷ್ಟು ದೊಡ್ಡದಾಗಿ ಬರೆದು ಹಾಲಿನ ನಟ್ಟನಡುವಿನ ಗೋಡೆಗೆ ತೂಗುಹಾಕಿದ್ದ.

ಹೋದ ಶುಕ್ರವಾರ ಬೀಗರು ಮಾತುಕತೆಗೆಂದು ಅವಳ ಮನೆಗೆ ಊಟಕ್ಕೆ ಬಂದಿದ್ದರು. ಹುಡುಗ ಅನ್ವರ್ ಒಳ್ಳೆಯವನಂತೆ ಕಂಡ. ಅವನ ತಂದೆ ಹಾಜಿ ತುಹಾಮಿ ಹಳೇಪೇಟೆಯಲ್ಲಿ ಮದುವೆ ಜವಳಿಯ ಅಂಗಡಿ ಇಟ್ಟವರು, ಮೂಲ ಫೆಸ್ ಊರಿನವರು. ಫೆಸ್ಸಿನವರೆಂದರೆ ಗೊತ್ತಲ್ಲ, ನೀರು ಕುಡಿಯುವಾಗಲೂ ವಂಶ ಹೇಳಿಕೊಂಡೇ ಕುಡಿಯುವ ಜನ. ಹಾಜಿಯ ಹೆಂಡತಿಯಂತೂ ಯಾಮ್ನಾಳ ಪರದೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಸುಮ್ಮನಾಗಿದ್ದಳು. ಊಟಕ್ಕೆ ಮುಂಚೆ ಕೈ ತೊಳೆಸಲು ಯಾಮ್ನಾ ನೀರಿನ ಗಿಂಡಿ ಹಿಡಿದು ಬಂದಳು. ಬಟ್ಟೆಯ ತೋಳು ಒದ್ದೆಯಾಗದಿರಲಿ ಎಂದು, ಹಿಂದುಮುಂದು ಯೋಚಿಸದೆ ಅದನ್ನು ಮೇಲೇರಿಸಿದಳು. ಹಾಜಿ ಕೈಯೊಡ್ಡಿದವರು ನೀರು ನಿಂತ ಮೇಲೂ ಕೈ ಹಿಂದೆ ತೆಗೆಯಲಿಲ್ಲ. ಆಗ ಅವಳಿಗೆ ಅದು ವಿಚಿತ್ರವೆನಿಸಿತ್ತು, ಆದರೆ ಕಾರಣ ಹೊಳೆದಿರಲಿಲ್ಲ.

ಇವತ್ತು ಗುರುವಾರ, ಸಂಜೆ ನಮಾಜು ಮುಗಿದ ಹೊತ್ತು, ಸರ್ವರ್ ಬೂಶ್ತಾ ಕಿಂಡಿಗೆ ತಲೆ ತೂರಿಸಿದ. ಹಳೆಯ ಆಳು, ಮೀಸೆ ಬೆಳ್ಳಗಾಗಿದ್ದರೂ ನಾಲಿಗೆಗೆ ವಯಸ್ಸಾಗಿರಲಿಲ್ಲ.

"ಅಕ್ಕಾ, ನಿನ್ನ ಕೈಗೆ ಒಬ್ಬ ಗಿರಾಕಿ ಗಂಟುಬಿದ್ದಿದಾನೆ. ಮೂಲೆ ಮೇಜಿನ ಯಜಮಾನ. ಇವತ್ತು ಮೂಲೆ ಬಿಟ್ಟು ಆ ಚಿತ್ರದ ಕೆಳಗೇ ಕೂತಿದಾನೆ. ಕನ್ನಡಕ ಹಾಕ್ಕೊಂಡು ನೋಡ್ತಾನೆ, ತೆಗೆದು ನೋಡ್ತಾನೆ. ಯಾರ ಕೈ ಇದು ಅಂತ ಕೇಳ್ದ."

"ನೀನೇನಂದೆ?"

"ನಮ್ಮ ಅಡುಗೆಯವಳದು ಅಂದೆ. ಮತ್ತೇನು, ನಮ್ಮ ಅತ್ತೇದು ಅನ್ನಬೇಕಿತ್ತಾ?"

ಯಾಮ್ನಾ ಕಿಂಡಿಗೆ ಕಣ್ಣಿಟ್ಟಳು. ಕೆಂಪು ವೈನಿನ ಗ್ಲಾಸನ್ನು ಪೇಪರಿನ ಮರೆಗಿಟ್ಟುಕೊಂಡು, ಮೇಲಕ್ಕೆ ಕತ್ತೆತ್ತಿ ಕುಳಿತವರು ಹಾಜಿ ತುಹಾಮಿ. ಎದುರಿಗಿನ ತಟ್ಟೆಯಲ್ಲಿ ಲಿವರ್. ರೊಟ್ಟಿಯ ಮೇಲ್ಪದರ ಖಾಲಿ, ತಿರುಳು ಹಾಗೇ ಇದೆ. ಶುಕ್ರವಾರ ತನ್ನ ಮನೆಯಲ್ಲೂ ಈತ ಹೀಗೇ ತಿಂದಿದ್ದರಲ್ಲ ಎಂಬುದು ಈಗ ನೆನಪಾಯಿತು. ಅಂದರೆ ತಾನು ಎಷ್ಟೋ ಕಾಲದಿಂದ ಬೀಗರಿಗೆ ಬಡಿಸುತ್ತಲೇ ಇದ್ದೇನೆ!

ಈತ ಕುಡಿಯಲು ಬಂದದ್ದೋ, ತನ್ನನ್ನು ಹುಡುಕಿ ಬಂದದ್ದೋ? ಹುಡುಕಿ ಬಂದದ್ದಾದರೆ ಗ್ಲಾಸು ಯಾಕೆ? ಕುಡಿಯಲು ಬಂದದ್ದಾದರೆ ಕತ್ತೆತ್ತುವುದು ಯಾಕೆ? ಬಾರಿನ ಅಡುಗೆಯವಳ ಮಗಳು ನಮಗೆ ಬೇಡ ಎಂದು ನಾಳೆ ಹೇಳಿಕಳಿಸಿದರೆ? ವಿದಾದ್ ಏನು ಕಾರಣವೆಂದು ಕೇಳಿದರೆ ತಾನು ಯಾವ ಬಾಯಲ್ಲಿ ಹೇಳಬೇಕು? ನಿಕಾ ಮುರಿಯುವುದೊಂದು ದುಃಖ, ಅಷ್ಟು ವರ್ಷ ಮಗಳ ಮುಖಕ್ಕೇ ಸುಳ್ಳು ಹೇಳಿದ್ದು ಬಯಲಾಗುವುದು ಅದಕ್ಕಿಂತ ದೊಡ್ಡದು. ಅವಳು ಈರುಳ್ಳಿ ಹೆಚ್ಚಲು ಕುಳಿತಳು. ಹೆಚ್ಚಿದ್ದನ್ನೇ ಮತ್ತೆ ಹೆಚ್ಚಿದಳು.

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಬೂಶ್ತಾ ಒಳಗೆ ಬಂದ. ಅವನ ಒಂದು ಕೈಯಲ್ಲಿ ಹಾಜಿಯವರ ತೋಳು, ಇನ್ನೊಂದರಲ್ಲಿ ಹಾಜಿಯವರ ಗ್ಲಾಸು.

ಇದು ಬೂಶ್ತಾನ ಹಳೆಯ ಕಸುಬು. ಬಾರಿನಲ್ಲಿ ಅಪ್ಪ ಕುಳಿತಿದ್ದಾಗ ಮಗ ಬಂದರೆ, ಮಾವನಿದ್ದಾಗ ಅಳಿಯ ಬಂದರೆ, ಒಬ್ಬರಿಗೊಬ್ಬರು ಕಾಣದಂತೆ ದಾಟಿಸುವುದು ಸರ್ವರನ ಧರ್ಮ. ಕಿರಿಯವನನ್ನು ಬಾಗಿಲಲ್ಲೇ ಒಂದು ಚಿತ್ರ ತೋರಿಸುತ್ತಾ ನಿಲ್ಲಿಸುತ್ತಾನೆ, ಹಿರಿಯರನ್ನು ಅಡುಗೆಮನೆಯ ಮೂಲಕ ಓಣಿಗೆ ಬಿಡುತ್ತಾನೆ. ಹೀಗೆ ದಾಟಿಹೋದ ಎಷ್ಟೋ ಗಡ್ಡಗಳಿಗೆ ಯಾಮ್ನಾ ಬೆನ್ನು ತಿರುಗಿಸಿ ನಿಂತಿದ್ದಾಳೆ. ಈ ಸಲ ಬೆನ್ನು ತಿರುಗಿಸಲು ಮರೆತಳು.

"ಮಗ ಬಂದ ಅಕ್ಕಾ, ಇವರ ಮಗ! ಬೇಗ ಬಾಗಿಲು ತೆಗಿ," ಎಂದ ಬೂಶ್ತಾ. ಗ್ಲಾಸನ್ನು ಟೊಮೆಟೊ ಬುಟ್ಟಿಯ ಪಕ್ಕ ಇಟ್ಟು ಓಡಿದ.

ಹಾಜಿ ಯಾಮ್ನಾಳನ್ನು ನೋಡಿದರು. ಯಾಮ್ನಾ ಹಾಜಿಯನ್ನು ನೋಡಿದಳು. ಇಂಥ ಹೊತ್ತಿನಲ್ಲಿ ಮನುಷ್ಯರನ್ನು ಕಾಪಾಡುವುದು ಕಲಿತ ಮರ್ಯಾದೆ ಒಂದೇ. ಹಾಜಿ ಅವಳನ್ನು 'ಲಲ್ಲಾ', ಎಂದರೆ ಅಮ್ಮಾವ್ರೇ, ಎಂದೇ ಕರೆದರು.

"ಅಸ್ಸಲಾಮು ಅಲೈಕುಂ ಲಲ್ಲಾ ಯಾಮ್ನಾ. ಚೆನ್ನಾಗಿದೀರಾ? ಆರೋಗ್ಯ ಹೇಗಿದೆ? ಮನೇಲಿ ಎಲ್ಲಾ ಕ್ಷೇಮ ತಾನೇ?"

"ಅಲ್ಲಾ ಇಟ್ಟಂಗಿದೀವಿ ಹಾಜಿಯವ್ರೇ. ನಿಮ್ಮ ಮನೆಯವ್ರು ಹುಷಾರಾ? ಮೊಣಕಾಲು ನೋವು ಅಂತಿದ್ರು."

"ಈಗ ಪರವಾಗಿಲ್ಲ."

"ಅಂಗಡಿ?"

"ನಡೀತಿದೆ, ದೇವರ ದಯೆ."

ಕೇಳುವುದಕ್ಕೆ ಇನ್ನೇನೂ ಉಳಿಯಲಿಲ್ಲ. ಒಲೆಯ ಮೇಲೆ ಕುರಿಮಾಂಸದ ತಾಜೀನ್ ಮಡಕೆ ಕೊತಕೊತ ಎನ್ನುತ್ತಿತ್ತು.

"ನಾನು ಚಿತ್ರ ನೋಡೋಕೆ ಬಂದಿದ್ದೆ," ಎಂದರು ಹಾಜಿ.

"ನಾನೂ ಅಷ್ಟೆ, ಇಲ್ಲೊಬ್ಬಳು ಗೆಳತಿಗೆ ಹುಷಾರಿಲ್ಲ ಅಂತ ಒಂದು ಕೈ ಸಹಾಯಕ್ಕೆ ಬಂದೆ," ಎಂದಳು ಯಾಮ್ನಾ. ಕಿವಿ ಕೆಂಪಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಇಲ್ಲಿ ಸಾವಿರವೂ ಒಂದೇ ಅಡುಗೆಮನೆಗೆ ಬಂದು ಸೇರಿದ್ದವು.

ಹಾಜಿ ಓಣಿಯ ಬಾಗಿಲನ್ನು ಬೆರಳಷ್ಟು ತೆರೆದರು, ಮರುಕ್ಷಣ ಮುಚ್ಚಿದರು. ಓಣಿಯ ಆ ತುದಿಯಲ್ಲಿ ಮಸೀದಿ. ರಾತ್ರಿಯ ಇಶಾ ನಮಾಜಿಗೆ ಜನ ಒಬ್ಬೊಬ್ಬರಾಗಿ ಸೇರುತ್ತಿದ್ದರು. ಅದರಲ್ಲಿ ಅರ್ಧ ಜನ ಅವರ ಅಂಗಡಿಯಲ್ಲೇ ಬಟ್ಟೆ ಕೊಳ್ಳುವವರು. ಬಾರಿನ ಹಿಂಬಾಗಿಲಿನಿಂದ ಹಾಜಿ ತುಹಾಮಿ ಇಳಿದು ಬಂದರೆ ಬೆಳಗಾಗುವುದರೊಳಗೆ ಫೆಸ್ಸಿಗೂ ಸುದ್ದಿ ಮುಟ್ಟುತ್ತದೆ. ಹಿಂದೆ ಮಸೀದಿ, ಮುಂದೆ ಮಗ. ಅತ್ತ ದರಿ, ಇತ್ತ ಪುಲಿ. ಹಾಜಿ ಈರುಳ್ಳಿ ಪೆಟ್ಟಿಗೆಯನ್ನು ಮಗುಚಿ ಅದರ ಮೇಲೆ ಕುಳಿತರು. ದೊಡ್ಡ ಮನುಷ್ಯರು ಈರುಳ್ಳಿ ಪೆಟ್ಟಿಗೆಯ ಮೇಲೆ ಕುಳಿತರೆ ಥಟ್ಟನೆ ಯಾರದೋ ಬಡ ಚಿಕ್ಕಪ್ಪನ ಹಾಗೆ ಕಾಣುತ್ತಾರೆ.

ಆಮೇಲೆ ಅವರು ತಾವಾಗಿಯೇ ಬಾಯಿಬಿಟ್ಟರು.

"ಒಂದು ವಾರದಿಂದ ನನಗೆ ನಿದ್ದೆ ಇಲ್ಲ ಲಲ್ಲಾ. ಆ ಕೈಗಳನ್ನ ಇಲ್ಲಿ ಎಷ್ಟೋ ಗುರುವಾರ ನೋಡಿದೀನಿ. ಶುಕ್ರವಾರ ನೀವು ನೀರು ಹಾಕಿದಾಗ ಬಲಗೈ ತೆನೇಲಿ ಒಂದು ಕಾಳು ಕಮ್ಮಿ ಇತ್ತು. ಅದೇನಾ, ಅಲ್ವಾ? ಮನೆಯವಳನ್ನ ಕೇಳೋಣ ಅಂದ್ರೆ, ಆ ಚಿತ್ರ ನೀವೆಲ್ಲಿ ನೋಡಿದ್ರಿ ಅಂತಾಳೆ. ಮಗನ್ನ ಕೇಳೋ ಹಂಗಿಲ್ಲ. ಅದಕ್ಕೇ ಇವತ್ತು ಹತ್ತಿರ ಕೂತು ನೋಡೋಣ ಅಂತ ಬಂದೆ."

"ನೋಡಿದ್ರಲ್ಲ. ಈಗೇನು ಮಾಡ್ತೀರಾ?"

"ಅದೇ ತಿಳೀತಿಲ್ಲ. ನಿಮ್ಮನ್ನ ನೋಡಿದೆ ಅಂತ ಹೇಳಿದ್ರೆ ನಾನೆಲ್ಲಿದ್ದೆ ಅಂತಲೂ ಹೇಳ್ಬೇಕಾಗುತ್ತೆ. ನನ್ನ ಹೆಂಡತಿ ಪಾಲಿಗೆ ನಾನು ಗುರುವಾರ ಗುರುವಾರ ವರ್ತಕರ ಸಂಘದಲ್ಲಿ ಇರ್ತೀನಿ."

"ನಾನು ಕಣ್ಣಾಸ್ಪತ್ರೇಲಿ ಇರ್ತೀನಿ," ಎಂದಳು ಯಾಮ್ನಾ.

ನಗಬೇಕೋ ಬೇಡವೋ ಇಬ್ಬರಿಗೂ ತಿಳಿಯಲಿಲ್ಲ. ಹಾಜಿ ಮಾತ್ರ ತಮ್ಮ ಗ್ಲಾಸಿನತ್ತ ಒಮ್ಮೆ ನೋಡಿ, ಅದು ಬೇರೆಯವರದೆಂಬಂತೆ ಮುಖ ತಿರುಗಿಸಿಕೊಂಡರು.

"ಹಂಗಿದ್ರೆ ನಾನು ನಿಮ್ಮನ್ನ ನೋಡಿಲ್ಲ, ನೀವು ನನ್ನ ನೋಡಿಲ್ಲ. ಭಾನುವಾರ ನಿಕಾ ಬರೆಯೋರನ್ನ ಕರ್ಕೊಂಡು ಬರ್ತೀವಿ. ಆಯ್ತಾ?"

ಆಯಿತು ಎನ್ನಲು ಯಾಮ್ನಾ ಬಾಯಿ ತೆರೆದಳು. ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಮಗಳನ್ನು ಕುಡುಕರ ಮನೆಗೆ ಕೊಡುತ್ತಿದ್ದೇನೆಯೇ ಎಂಬ ಯೋಚನೆ ಆಗಷ್ಟೇ ಬಂತು. ಆದರೆ ಇಷ್ಟು ವರ್ಷ ಕುಡಿಯುವವರಿಗೆ ಅಡುಗೆ ಮಾಡಿ ಹಾಕಿದ ಕೈ, ಯಾರನ್ನು ಯಾಕೆ ಎಂದು ಕೇಳಬೇಕು? ಅವರು ಯಾರೂ ಅವಳಿಗೆ ಕೆಟ್ಟವರಾಗಿ ಕಂಡಿರಲಿಲ್ಲ. ಮಗಳ ಗಂಡನಾಗಿಯೂ ಕಂಡಿರಲಿಲ್ಲ, ಅದೇ ತೊಡಕು.

"ನಿಮ್ಮ ಮಗನೂ ಕುಡೀತಾನಾ ಹಾಜಿಯವ್ರೇ?"

"ಅವನಾ? ಮುಟ್ಟೋದಿಲ್ಲ!" ಎಂದು ಎದೆಯುಬ್ಬಿಸಿದ ಹಾಜಿ, ಆ ಮಗ ಈಗೆಲ್ಲಿ ಕುಳಿತಿದ್ದಾನೆಂದು ನೆನಪಾಗಿ, "ಅಂದ್ಕೊಂಡಿದ್ದೆ," ಎಂದು ಮೆತ್ತಗಾದರು.

ಕಿಂಡಿಯಲ್ಲಿ ಬೂಶ್ತಾನ ಮುಖ ಮತ್ತೆ ಕಂಡಿತು. ಅವನ ತಮಾಷೆ ಇಳಿದುಹೋಗಿತ್ತು.

"ಹುಡುಗ ಒಬ್ಬನೇ ಬಂದಿಲ್ಲ. ಜೊತೇಲಿ ಒಂದು ಹುಡುಗಿ. ನಾನು ಕಿಟಕಿ ಪಕ್ಕ ಕೂರಿಸೋಕೆ ಹೋದೆ. ಬೇಡ, ಆ ಕೈಗಳ ಕೆಳಗಿನ ಮೇಜೇ ಬೇಕು ಅಂದ್ಲು."

ಯಾಮ್ನಾ ಅವನನ್ನು ಸರಿಸಿ ನೋಡಿದಳು. ಹಸಿರು ಸ್ಕಾರ್ಫು. ಅದನ್ನು ಈದ್ ಹಬ್ಬಕ್ಕೆ ತಾನೇ ತಂದುಕೊಟ್ಟಿದ್ದಳು. ವಿದಾದ್ ಕತ್ತೆತ್ತಿ ಗೋಡೆಯನ್ನು ನೋಡುತ್ತಿದ್ದಳು, ಅನ್ವರ್ ವಿದಾದಳನ್ನು ನೋಡುತ್ತಿದ್ದ.

ಅವಳು ಕಿಂಡಿಯಿಂದ ಥಟ್ಟನೆ ತಲೆ ತಗ್ಗಿಸಿದಳು. "ನನ್ನ ಮಗಳು," ಎಂದಳು.

ಹಾಜಿ ಎದ್ದು ನಿಂತರು, ಕುಳಿತರು. "ಬಾರಿನಲ್ಲಾ? ಮದುವೆಗೆ ಮುಂಚೆನಾ?" ಎಂದರು. ಮತ್ತೆ ಬೂಶ್ತಾನ ಕಡೆ ತಿರುಗಿ, "ಏನು ಕುಡೀತಿದಾರೆ?"

"ಹುಡುಗಿ ಕಿತ್ತಳೆ ರಸ. ಹುಡುಗ ಏನು ಅಂತ ಹೇಳಲಾ ಹಾಜಿ?"

"ಬೇಡ! ಹೇಳ್ಬೇಡ!"

"ಊಟಕ್ಕೆ ಕುರಿಮಾಂಸ, ಹಸಿರು ಆಲಿವ್, ಉಪ್ಪಿನಲ್ಲಿ ಹಾಕಿದ ನಿಂಬೆ. ಒಂದೇ ತಾಜೀನ್, ಇಬ್ಬರಿಗೂ," ಎಂದು ಬೂಶ್ತಾ ಹೊರಟ.

ಒಲೆಯ ಮೇಲೆ ಕುದಿಯುತ್ತಿದ್ದುದು ಅದೇ. ಆ ಅಡುಗೆಯನ್ನು ವಿದಾದ್ ಹಾಲು ಬಿಟ್ಟಂದಿನಿಂದ ತಿಂದು ಬೆಳೆದಿದ್ದಾಳೆ. ಒಂದು ತುತ್ತು ಸಾಕು, ಅವಳು ತಟ್ಟೆ ಬಿಟ್ಟು ನೇರ ಅಡುಗೆಮನೆಗೆ ನುಗ್ಗುತ್ತಾಳೆ. ಚಿತ್ರ ನೋಡಿ ಅನುಮಾನ ಬಂದಿರಬಹುದು, ಬರದೆಯೂ ಇರಬಹುದು. ಬೆಟ್ಟದ ಹೆಂಗಸರ ಕೈಮೇಲೆ ಹಚ್ಚೆ ಇರುವುದೇನು ಹೊಸದೇ? ಬೇರೆ ಯಾವುದೋ ಕೈ ಎಂದುಕೊಂಡಿರಬಹುದು. ಆದರೆ ನಾಲಿಗೆಗೆ ಸುಳ್ಳು ಹೇಳುವುದು ಹೇಗೆ? ಯಾಮ್ನಾಳ ಮನಸ್ಸು ಗೊಂದಲದ ಗೂಡಾಯಿತು. ಇಲ್ಲ, ಮುಗಿದುಹೋಗಿದೆ ಎಂದು ಒಂದು ಕ್ಷಣ. ಇಲ್ಲ, ಇನ್ನೂ ಮುಚ್ಚಿಡಬಹುದು ಎಂದು ಇನ್ನೊಂದು ಕ್ಷಣ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿಗೆ ಬುದ್ಧಿ ನೆಟ್ಟಗೆ ಓಡುವುದಾದರೂ ಹೇಗೆ?

"ಕೆಡಿಸಿಬಿಡಿ," ಎಂದರು ಹಾಜಿ ಪಿಸುಮಾತಿನಲ್ಲಿ. "ಯಾರೋ ಮಾಡಿದ್ದು ಅನ್ನೋ ಹಂಗೆ ಮಾಡಿ. ಉಪ್ಪು ಜಾಸ್ತಿ ಹಾಕಿ."

"ಉಪ್ಪು ಜಾಸ್ತಿಯಾದ್ರೆ ತಟ್ಟೆ ವಾಪಸ್ ಬರುತ್ತೆ."

"ಮತ್ತೆ ಖಾರ ಹಾಕಿ! ಫೆಸ್ಸಿನವರ ಹಂಗೆ ಸಕ್ಕರೆ ಹಾಕಿ! ಏನಾದ್ರೂ ಹಾಕಿ!"

ಯಾಮ್ನಾ ಜೀರಿಗೆ ಪುಡಿಯ ಡಬ್ಬ ತೆಗೆದಳು. ಆ ಅಡುಗೆಗೆ ಅವಳ ಊರಲ್ಲಿ ಯಾರೂ ಜೀರಿಗೆ ಹಾಕುವುದಿಲ್ಲ. ಒಂದು ಹಿಡಿ ಹಾಕಿದಳು. ಸಾಲದೆನಿಸಿ ಇನ್ನೊಂದು ಹಿಡಿ, ಮೇಲೊಂದಿಷ್ಟು ಕೆಂಪು ಖಾರ. ತನ್ನ ಅಡುಗೆಯನ್ನು ತಾನೇ ಕೆಡಿಸಿದ್ದು ಅವಳ ಬಾಳಿನಲ್ಲಿ ಅದೇ ಮೊದಲು. ಸೌಟು ತಿರುಗಿಸುವಾಗ ಅಳು ಬಂತು. ಅದು ಮಾಂಸಕ್ಕಾಗಿಯೋ ಮಗಳಿಗಾಗಿಯೋ ಅವಳಿಗೇ ಗೊತ್ತಾಗಲಿಲ್ಲ.

ಬೂಶ್ತಾ ತಾಜೀನಿನ ಗೋಪುರದಂಥ ಮುಚ್ಚಳ ಹಾಕಿ ಎತ್ತಿಕೊಂಡು ಹೋದ. ಹೋಗುವಾಗ ಒಮ್ಮೆ ಮೂಸಿ, "ಅಕ್ಕಾ?" ಎಂದ. "ಹೋಗು," ಎಂದಳು.

ಆಮೇಲೆ ಕಾಯುವುದಷ್ಟೇ ಉಳಿಯಿತು. ಯಾಮ್ನಾ ಪುದೀನ ಹಾಕಿ ಟೀ ಕಾಸಿದಳು, ಎಷ್ಟಾದರೂ ಮನೆಗೆ ಬಂದ ಬೀಗರು. ಹಾಜಿ ಈರುಳ್ಳಿ ಪೆಟ್ಟಿಗೆಯ ಮೇಲೆ ಕುಳಿತು ಶಬ್ದವಾಗದಂತೆ ಟೀ ಹೀರಿದರು. ಕಿಂಡಿಯಲ್ಲಿ ನೋಡಲು ಇಬ್ಬರಿಗೂ ಧೈರ್ಯವಿಲ್ಲ. ಹಾಲಿನಲ್ಲಿ ಯಾರೋ ಊದ್ ತಂತಿವಾದ್ಯ ನುಡಿಸಲು ಶುರು ಮಾಡಿದ್ದರು. ಒಂದು ಸಲ ವಿದಾದಳ ನಗು ಕೇಳಿಸಿತು. ಆಮೇಲೆ ಕೆಮ್ಮು. ಖಾರ ಹತ್ತಿರಬೇಕು. ಯಾಮ್ನಾ ನೀರಿನ ಜಗ್ಗು ಕೈಗೆತ್ತಿಕೊಂಡು ಬಾಗಿಲ ತನಕ ಹೋಗಿ ನಿಂತು ವಾಪಸ್ ಬಂದಳು.

"ನೀವು ಯಾವತ್ತಾದ್ರೂ ಮಗಳಿಗೆ ನಿಜ ಹೇಳೋಣ ಅಂದ್ಕೊಂಡಿದ್ರಾ?" ಎಂದು ಹಾಜಿ ಕೇಳಿದರು.

"ದಿನಾ. ಬಾರಿನವಳ ಮಗಳು ಅಂತ ಸ್ಕೂಲಲ್ಲಿ ಆಡ್ಕೋತಾರೆ ಅಂತ ಆವಾಗ ಹೇಳಲಿಲ್ಲ. ಆಮೇಲೆ ಯಾಕೆ ಹೇಳಲಿಲ್ಲ ಅನ್ನೋದಕ್ಕೇ ಕಾರಣ ಹೇಳ್ಬೇಕಲ್ಲ ಅಂತ ಹೇಳಲಿಲ್ಲ. ನೀವು?"

"ನಾವು ಗಂಡಸರು ಹೇಳೋದಿಲ್ಲ. ಮಕ್ಕಳು ಕೇಳೋದಿಲ್ಲ. ಹಂಗೇ ನಡ್ಕೊಂಡು ಹೋಗುತ್ತೆ," ಎಂದರು ಹಾಜಿ. ಅದು ಸಮಾಧಾನದ ಮಾತೋ ದೂರೋ ಅವರಿಗೂ ತಿಳಿದಂತಿರಲಿಲ್ಲ.

ಇಶಾ ನಮಾಜು ಶುರುವಾಗಿ ಓಣಿ ಖಾಲಿಯಾಯಿತು. ಹಾಜಿ ಈಗ ಹೊರಡಬಹುದಿತ್ತು, ಹೊರಡಲಿಲ್ಲ. ಆಗ ಬೂಶ್ತಾ ತಾಜೀನನ್ನು ಮುಚ್ಚಳದ ಸಮೇತ ವಾಪಸ್ ತಂದು ಒಲೆಯ ಪಕ್ಕ ಇಟ್ಟ.

"ಹೋದ್ರು. ಇದನ್ನ ಒಳಗೆ ಕೊಡಿ, ತೊಳೆಯೋಕೆ ಹಾಕ್ಬೇಡಿ ಅಂತ ಆ ಹುಡುಗಿ ಎರಡೆರಡು ಸಲ ಹೇಳಿದ್ಲು."

ಯಾಮ್ನಾ ಮುಚ್ಚಳ ಎತ್ತಿದಳು. ಸಾರು, ಆಲಿವ್, ಈರುಳ್ಳಿ ಎಲ್ಲಾ ಬಳಿದು ತಿಂದಿದ್ದರು. ನಟ್ಟನಡುವೆ, ಮೂಳೆಯಿಲ್ಲದ ಒಳ್ಳೆಯ ಮಾಂಸದ ತುಂಡೊಂದು ಹಾಗೇ ಇತ್ತು. ಅದರ ಮೇಲೆ ರೊಟ್ಟಿಯ ತುಣುಕೊಂದನ್ನು ಹೊದಿಸಿ ಮುಚ್ಚಿದ್ದರು.

ಹಾಜಿ ಬಗ್ಗಿ ನೋಡಿದರು. ಬೇಡವಾಗಿ ಬಿಟ್ಟದ್ದರ ಮೇಲೆ ಯಾರೂ ರೊಟ್ಟಿ ಹೊದಿಸುವುದಿಲ್ಲ. ಎಲ್ಲರೂ ಒಂದೇ ತಟ್ಟೆಯಲ್ಲಿ ಉಣ್ಣುವ ಮನೆಗಳಲ್ಲಿ, ಕೆಲಸದಿಂದ ಇನ್ನೂ ಬಾರದವರಿಗೆಂದು ಪಾಲು ತೆಗೆದು ಹಾಗೆ ಮುಚ್ಚಿಡುತ್ತಾರೆ. ಅದು ಫೆಸ್ಸಿನವರಿಗೂ ಗೊತ್ತು, ಬೆಟ್ಟದವರಿಗೂ ಗೊತ್ತು.

"ನನ್ನ ಮಗ ನನಗೆ ಪಾಲು ಇಟ್ಟಿಲ್ಲ," ಎಂದರು ಹಾಜಿ. ಮಕ್ಕಳ ಹಾಗೆ ಸಣ್ಣಗಾಗಿತ್ತು ದನಿ.

"ನೀವು ಇಲ್ಲಿರೋದು ಅವನಿಗೆ ಗೊತ್ತಿಲ್ವಲ್ಲ ಹಾಜಿಯವ್ರೇ," ಎಂದಳು ಯಾಮ್ನಾ.

ಹೇಳಿದ ಮೇಲೆ ತಾನು ಹೇಳಿದ್ದು ಅವಳ ಕಿವಿಗೇ ಬಿತ್ತು. ವಿದಾದಳಿಗೆ ಯಾವಾಗಿನಿಂದ ಗೊತ್ತು? ಆಸ್ಪತ್ರೆಯ ರೋಗಿಗಳು ವಾಸಿಯಾಗುವುದಿಲ್ಲ ಎಂದು ಬೆರಳು ನೆಕ್ಕುತ್ತಿದ್ದಾಗಲೇ? ಅದಕ್ಕೂ ಮುಂಚೆಯೇ? ಗೊತ್ತಿದ್ದೂ ಇಷ್ಟು ಕಾಲ ತಾಯಿಯ ಸುಳ್ಳನ್ನು ಮಗಳು ಮುಟ್ಟದೆ ಕಾಪಾಡಿದಳೇ? ಮನೆಗೆ ಹೋದರೆ ಅವಳ ಮುಖ ಹೇಗೆ ನೋಡಲಿ, ಮೊದಲು ಯಾರು ಮಾತಾಡಬೇಕು, ಒಂದೂ ತಿಳಿಯಲಿಲ್ಲ. ಏನೂ ತಿಳಿಯದಿದ್ದರೂ ಎದೆಯಲ್ಲಿ ತುಂಬಿ ಬಂದದ್ದು ಸಂತೋಷ ಎಂಬುದು ಮಾತ್ರ ತಿಳಿಯಿತು.

ಅವಳು ಸೆರಗಿನಂತೆ ಸುತ್ತಿದ್ದ ಅಡುಗೆ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಬಿಸ್ಮಿಲ್ಲಾ ಎಂದು, ರೊಟ್ಟಿಯನ್ನು ಎರಡಾಗಿ ಮುರಿದಳು. ಒಂದು ತುಂಡನ್ನು ಹಾಜಿಯವರ ಕೈಗಿಟ್ಟಳು. ಜೀರಿಗೆ ಗಂಟಲಿಗೆ ಹತ್ತುವಷ್ಟು ಹೆಚ್ಚಾಗಿತ್ತು, ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಆದರೂ ತನ್ನ ಪಾಲನ್ನು ಒಂದು ಚೂರೂ ಬಿಡದೆ ತಿಂದಳು.